ದೀಪ ಇಳಿಸುವವರೆಗೆ

ಬೆಂಗಳೂರು
10 ಜನವರಿ 2026

ನನ್ನ ಮುದ್ದು ದೊಡ್ಡಮ್ಮಾ,

ನಮ್ಮ ಸಿನಿಮಾಗೆ ಫಸ್ಟ್ ಪ್ರೈಜ್ ಬಂತು! ನಿನ್ನೆ ಸಂಜೆ ಫೋನ್ ಬಂದಾಗ ಸಾಗರ್ ದೋಸೆ ಹುಯ್ಯುತ್ತಿದ್ದರು (ಹೌದು, ನಿನ್ನ ಅಳಿಯ ದೋಸೆ ಹುಯ್ಯುತ್ತಾರೆ, ಅಮ್ಮನಿಗೆ ಹೇಳಬೇಡ). ಸೌಟು ಹಿಡಿದುಕೊಂಡೇ ಕುಣಿದರು, ಹಿಟ್ಟೆಲ್ಲ ಗೋಡೆಗೆ. "ನಮ್ಮ ಸಿನಿಮಾ" ಅಂದೆ ನೋಡು! ಮದುವೆಯಾಗಿ ಇನ್ನೂ ಎರಡು ತಿಂಗಳು, ಆಗಲೇ ಅರ್ಧ ನನ್ನದು ಮಾಡಿಕೊಂಡುಬಿಟ್ಟೆ.

ಫೋನಿನಲ್ಲಿ ಎಷ್ಟು ಕಿರುಚಿದರೂ ನೀನು "ಆಂ? ಊಟ ಆಯ್ತು ಕಣಮ್ಮಿ" ಅಂತೀಯ. ಅದಕ್ಕೇ ಕಾಗದ. ತಪ್ಪಿದ್ದರೆ ಬೈದುಕೋ. ಕಾನ್ವೆಂಟಿನ ಹುಡುಗಿಗೆ ಮೊರದ ಅಕ್ಕಿಯಲ್ಲಿ ಬೆರಳು ಹಿಡಿದು ಕನ್ನಡ ತಿದ್ದಿಸಿದ್ದು ನೀನೇ, ತಪ್ಪಿಗೆ ಅರ್ಧ ಜವಾಬ್ದಾರಿ ನಿನ್ನದು.

ಸಿನಿಮಾ ಅಂದರೆ ಹೀರೋ ಹೀರೋಯಿನ್ ಇರೋದಲ್ಲ. ಡಾಕ್ಯುಮೆಂಟರಿ. ಚಾಮರಾಜನಗರ ಬೆಳಿಗ್ಗೆ ಏಳುವುದರಿಂದ ಸಂಜೆ ದೀಪ ಹತ್ತುವವರೆಗೆ. ಕರಿಕಲ್ಲಿನ ಲಾರಿಗಳು, ರೇಷ್ಮೆಗೂಡಿನ ಮಾರ್ಕೆಟ್ಟು, ಬಸ್ ಸ್ಟ್ಯಾಂಡು, ರಸ್ತೆ ಅಗಲ ಮಾಡಿದ್ದು, ಹಳೇ ಅಂಗಡಿ ಹೋಗಿ ಗಾಜಿನ ಅಂಗಡಿ ಬಂದಿದ್ದು. ಮಾತೇ ಇಲ್ಲ. "ಇದು ಇಂಥಾ ಜಾಗ" ಅಂತ ವಿವರಿಸುವ ಗಡಸು ದನಿಯೂ ಇಲ್ಲ. ಬರೀ ಊರು, ಬರೀ ಸಂಗೀತ. ತಮಟೆ, ನಾದಸ್ವರ, ಪಿಟೀಲು. ಊರೇ ಹಾಡ್ತಿದೆ ಅನ್ನಿಸಬೇಕಂತೆ. ಹೆಸರು "ಒಂದೂರು, ಒಂದು ಹಗಲು". ಎರಡು ವರ್ಷ ಹಿಂದೆ, ನಾನ್ಯಾರು ಅಂತಲೇ ಗೊತ್ತಿಲ್ಲದಾಗ, ಇವರು ನನ್ನೂರಿನಲ್ಲಿ ರೂಮು ಮಾಡಿಕೊಂಡು ಇದನ್ನೆಲ್ಲ ತೆಗೆದರು ಅಂದರೆ ಇದು ಋಣಾನುಬಂಧ ಅಲ್ಲದೆ ಮತ್ತೇನು?

ನಾನೂ ಪೂರ್ತಿ ನೋಡಿಲ್ಲ. ಮೊದಲ ಸಲ ದೊಡ್ಡ ಪರದೆಯ ಮೇಲೇ ನೋಡಬೇಕು ಅಂತ ಇವರ ಹಟ. ಇಪ್ಪತ್ತನಾಲ್ಕಕ್ಕೆ ಇಲ್ಲಿ ಶೋ. ಅಸಲು ವಿಷಯ ಈಗ ಕೇಳು. ಮಾರ್ಚ್ ಒಂದನೇ ತಾರೀಖು ಭಾನುವಾರ ಚಾಮರಾಜನಗರದಲ್ಲೇ ಶೋ ಇದೆ! ನೀನು ಮುಂದಿನ ಸಾಲಿನಲ್ಲಿ, ನನ್ನ ಪಕ್ಕ. ಮದುವೆ ದಿನ ನೀನು ಉಗ್ರಾಣ ಸೇರಿಕೊಂಡು ಲಾಡು ಎಣಿಸುತ್ತಾ ಕೂತೆ, ಧಾರೆಗೂ ಬರಲಿಲ್ಲ, ಗಂಡನಿಲ್ಲದವಳು ಎದುರಿಗೆ ಬರಬಾರದು ಅಂತ. ನಾನೂ ಸುಮ್ಮನಿದ್ದುಬಿಟ್ಟೆ. ಸಾಗರ್ ನಿನ್ನ ಮುಖ ಕೂಡ ಸರಿಯಾಗಿ ನೋಡಿಲ್ಲ. ಈ ಸಲ ಅದೆಲ್ಲ ನಡೆಯಲ್ಲ. ಮುಂದಿನ ಸಾಲು. ಪ್ರಾಮಿಸ್.

ಸಾವಿರ ಮುತ್ತು,
ನಿನ್ನ ನಯನಾ


ಗುಂಡ್ಲುಪೇಟೆ
17 ಜನವರಿ 2026

ಕೂಸೇ ನಯನಾ,

ಮಾದಪ್ಪ ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ. ಎಳ್ಳು ಬೀರಕ್ಕೆ ಬಂದೋರಿಗೆಲ್ಲ ನಿನ್ನ ಕಾಗದ ತೋರಿಸಿದೆ. ಪಕ್ಕದ ಮನೆ ಕರಿಯಮ್ಮ ಏನಂದ್ಲು ಗೊತ್ತಾ? "ಬರೀ ಸಂಗೀತದ ಸಿನಿಮಾಕೆ ಕಿವುಡಿ ಯಾಕ್ ಓದಾಳು?" ನಾನು ಬುಡ್ತೀನಾ? "ನಿಂಗೆ ಎಲ್ಡು ಕಿವಿ ಅವೆ, ಇಷ್ಟ್ ವರ್ಸ ಏನ್ ಕೇಳಿ ಕಡ್ದಾಕ್ದೆ?" ಅಂದೆ. ಅವಳೂ ಬತ್ತಾಳಂತೆ.

ಎಡಗಿವಿ ಪೂರಾ ಹೋಯ್ತು ಕಣಮ್ಮಿ. ಬಲಗಿವಿಗೆ ಕೇರಳದ ಬಸ್ಸಿನ ಹಾರನ್ನು ಮಾತ್ರ ಕೇಳಿಸ್ತದೆ. ಇರಲಿ, ಕಣ್ಣು ಚೆನ್ನಾಗವೆ. ಮಾತಿಲ್ಲದ ಸಿನಿಮಾ ನನ್ನಂಥೋಳಿಗೇ ಮಾಡಿದಂಗದೆ.

ಟೈಲರ್ ಭಾನು ಹತ್ರ ರವಿಕೆ ಹೊಲಿಯಕ್ಕೆ ಕೊಟ್ಟಿದೀನಿ. ನಿನ್ನ ಮದುವೇಲಿ ಕೊಟ್ಟ ಸೀರೆ ಇನ್ನೂ ಮಡಿಕೆ ಬಿಚ್ಚಿಲ್ಲ, ಅದನ್ನೇ ಉಡ್ತೀನಿ.

ಒಂದು ಮಾತು ಕೇಳಲಾ? ನಮ್ಮ ಮನೆ ಅದರಲ್ಲಿ ಬತ್ತದಾ? ಚಾಮರಾಜನಗರದ ಮನೆ, ನೀನು ಓದ್ಕೊಂಡು ಬೆಳೆದಿದ್ದು, ನಾನು ಇಲ್ಲಿಗೆ ಬರೋ ಮುಂಚೆ ಇದ್ದಿದ್ದು. ರಸ್ತೆಗೆ ಅಂತ ಮುಂದಿನರ್ಧ ಕೆಡವಿದ ದಿನ ಎದುರುಗಡೆ ಹೋಟ್ಲು ಮಾಳಿಗೆ ಮೇಲೆ ಒಬ್ಬ ಹುಡುಗ ಕ್ಯಾಮೆರಾ ಹಿಡ್ಕಂಡು ನಿಂತಿದ್ದ. ನಿನ್ನ ಗಂಡನೇ ಇರಬೈದಾ? ನಿಮ್ಮ ದೊಡ್ಡಪ್ಪ ಆ ಮನೆ ಕಟ್ಟಿಸಿ ನಲವತ್ತು ವರ್ಷ ಆಯ್ತು, ಒಂದು ಫೋಟೋನೂ ತೆಗೆಸಲಿಲ್ಲ. ಮನೆ ಎಲ್ಲಿಗೋದದು ಅಂದ್ಕಂಡಿದ್ದೋ. ಒಂದು ಸಲ ಆ ಮುಂದಿನ ಗೋಡೆ ನೋಡಬೇಕು ಅಂತ ಆಸೆ. ದೀಪದ ಗೂಡು ಇತ್ತಲ್ಲ, ಅದೇ ಗೋಡೆ.

ದೊಡ್ಡಮ್ಮ
ಶಿವರುದ್ರಮ್ಮ


ಬೆಂಗಳೂರು
27 ಜನವರಿ 2026

ಪ್ರೀತಿಯ ದೊಡ್ಡಮ್ಮ,

ಕಾಗದ ಸಿಕ್ಕಿತು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಬೆಂಗಳೂರಿನಲ್ಲಿ ಈ ಸಲ ಚಳಿ ಜಾಸ್ತಿ. ಬಾಲ್ಕನಿಯಲ್ಲಿ ಕರಿಬೇವು ಹಾಕಿದೆ, ಒಂದು ಎಲೆಯೂ ಬರಲಿಲ್ಲ. ಹೊಸ ಕುಕ್ಕರ್ ತಂದೆವು, ಸೀಟಿ ಹೊಡೆಯುವುದಿಲ್ಲ, ವಾಪಸ್ ಮಾಡಬೇಕು.

ಶನಿವಾರ ಶೋ ಆಯಿತು. ಜನ ತುಂಬಾ ಮೆಚ್ಚಿದರು.

ಮಾರ್ಚ್ ಒಂದರ ವಿಷಯ ಯೋಚಿಸಿದೆ. ಹಾಲ್ ತುಂಬಾ ಚಿಕ್ಕದಂತೆ, ಫ್ಯಾನೂ ಸರಿಯಿಲ್ಲವಂತೆ. ಅಲ್ಲಿಂದ ಆ ಬಿಸಿಲಿನಲ್ಲಿ ಬಸ್ಸು ಹತ್ತಿ ಯಾಕೆ ಬರುತ್ತೀಯ? ಮಂಡಿನೋವು ಬೇರೆ. ಮುಂದೆ ಯಾವಾಗಲಾದರೂ ಮನೆಯಲ್ಲೇ ತೋರಿಸುತ್ತೇನೆ. ಕರಿಯಮ್ಮನಿಗೂ ಹೇಳು, ನೋಡುವಂಥದ್ದೇನೂ ಇಲ್ಲ, ಲಾರಿ, ಬಸ್ಸು ಅಷ್ಟೇ.

ನಮ್ಮ ಮನೆ ಅದರಲ್ಲಿಲ್ಲ. ನಾನು ಸರಿಯಾಗಿ ನೋಡಿದೆ.

ಮಾತ್ರೆ ತಪ್ಪಿಸಬೇಡ.

ನಯನಾ


ಗುಂಡ್ಲುಪೇಟೆ
3 ಫೆಬ್ರವರಿ 2026

ನಯನಾ,

ನಿನ್ನ ಕಾಗದ ಓದಿದೆ. ಕುಕ್ಕರ್ ಸೀಟಿ ಹೊಡೀದಿದ್ರೆ ಒಳಗಿನ ರಬ್ಬರ್ ತಿರುಗಿಸಿ ಹಾಕು, ವಾಪಸ್ ಮಾಡಬೇಡ.

ಉಳಿದಿದ್ದು ಅರ್ಥ ಆಯ್ತು ಬುಡು. ನಾನೂ ಲೋಕ ಕಂಡೋಳು. ನಿಮ್ಮತ್ತೆ ಬೀಗರು ಎಲ್ಲ ಬತ್ತಾರೆ. ಹೊಸ ಸೊಸೆ ಪಕ್ಕದಲ್ಲಿ, ಮುಂದಿನ ಸಾಲಲ್ಲಿ, ಬರಿ ಹಣೆಯೋಳು ಕೂತ್ರೆ ಯಾರಾದ್ರೂ ಒಂದು ಮಾತು ಅಂದೇ ಅಂತಾರೆ. ನೀನು ಮಾತು ಕೊಟ್ಟುಬುಟ್ಟೆ, ಈಗ ವಾಪಸ್ ತಗಳಕ್ಕೆ ಮಂಡಿನೋವು, ಫ್ಯಾನು ಅಂತ ಬರೀತಿದೀಯ. ನಿನ್ನ ತಪ್ಪಲ್ಲ ಕೂಸೇ. ನಾನೇ ಒಪ್ಪಬಾರದಿತ್ತು. ಉಗ್ರಾಣ ನಂಗೇನು ಹೊಸದಾ?

ರವಿಕೆ ಬಂದದೆ. ಭಾನು ಕೈ ಅಳತೆ ಚೆನ್ನಾಗಿ ತಗಂಡಿದಾನೆ. ಇಟ್ಟಿರ್ತೀನಿ, ನಿನ್ನ ಸೀಮಂತಕ್ಕೆ ಆಯ್ತದೆ. ಅಡುಗೆ ಮನೇಲಿ ಇದ್ದರೂ ಉಡಬೈದಲ್ಲ.

ಕರಿಯಮ್ಮಂಗೆ ಸಿನಿಮಾ ಮುಂದಕ್ಕೋಯ್ತು ಅಂದೆ. ನಿನ್ನ ಮರ್ಯಾದೆ ಹೋಗಬಾರದಲ್ಲ.

ಮನೆ ಇಲ್ಲ ಅಂದ್ಯಲ್ಲ, ಅದೊಂದು ಬೇಜಾರಾಯ್ತು. ಆ ಹುಡುಗ ಬೇರೆ ಯಾರೋ ಇರಬೇಕು.

ದೊಡ್ಡಮ್ಮ


ಬೆಂಗಳೂರು
9 ಫೆಬ್ರವರಿ 2026

ದೊಡ್ಡಮ್ಮಾ,

ನನ್ನ ಅತ್ತೆ ಏನೂ ಅಂದಿಲ್ಲ. ಅವರಿಗೆ ಏನೂ ಗೊತ್ತಿಲ್ಲ. ನಿನ್ನ ಕಾಗದ ಹಿಡಿದುಕೊಂಡು ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ. ನೀನು ನನ್ನ ಮರ್ಯಾದೆ ಉಳಿಸುವುದಕ್ಕೆ ಕರಿಯಮ್ಮನಿಗೆ ಸುಳ್ಳು ಹೇಳಿದೆಯಲ್ಲ, ಅದನ್ನು ಓದಿದ ಮೇಲೆ ಮುಚ್ಚಿಡಲು ನನ್ನಿಂದ ಆಗುತ್ತಿಲ್ಲ.

ಮನೆ ಇದೆ. ಆ ಹುಡುಗ ಸಾಗರೇ. ಮನೆಯೂ ಇದೆ, ನೀನೂ ಇದ್ದೀಯ.

ಹೇಗೆ ಬರೆಯಲಿ? ಆದದ್ದು ಆದ ಹಾಗೇ ಬರೆಯುತ್ತೇನೆ. ಸಿನಿಮಾದ ನಡುಭಾಗದಲ್ಲಿ ರಸ್ತೆ ಅಗಲ ಮಾಡುವ ದೃಶ್ಯ. ತಮಟೆ ಶುರುವಾಗುತ್ತದೆ, ಜೋರಾಗುತ್ತಾ ಹೋಗುತ್ತದೆ. ಮೊದಮೊದಲು ಬರೀ ಧೂಳು, ಮನೆ ಯಾವುದೆಂದೇ ತಿಳಿಯುವುದಿಲ್ಲ. ಒಂದು ಜೆಸಿಬಿ ಕೈ ಎತ್ತುತ್ತದೆ. ಅದರ ಎದುರು ಒಬ್ಬ ಹೆಂಗಸು, ಬೆನ್ನು ನಮ್ಮ ಕಡೆ. ಅವಳೂ ಎರಡೂ ಕೈ ಎತ್ತುತ್ತಾಳೆ. ಜೆಸಿಬಿ ಬಗ್ಗುತ್ತದೆ, ಅವಳು ಪಕ್ಕಕ್ಕೆ ಹಾರುತ್ತಾಳೆ. ಅದು ಎಡಕ್ಕೆ ತಿರುಗಿದರೆ ಇವಳೂ ಎಡಕ್ಕೆ. ಪ್ರತಿ ಹೆಜ್ಜೆಗೂ ಸರಿಯಾಗಿ ತಮಟೆ ಏಟು. ಅವಳು ಹಣೆ ಹಣೆ ಬಡಿದುಕೊಂಡಾಗ ಟಕಟಕ ಅಂತ ಕೋಲಿನ ಸದ್ದು. ಇಬ್ಬರೂ ಜೋಡಿಯಾಗಿ ಕುಣಿಯುತ್ತಿದ್ದಾರೆ ಅನ್ನಿಸಬೇಕು, ಹಾಗೆ ಜೋಡಿಸಿದ್ದಾರೆ. ಹಾಲಿಗೆ ಹಾಲೇ ನಕ್ಕಿತು, ಚಪ್ಪಾಳೆ ಹೊಡೆಯಿತು.

ನಾನೂ ನಕ್ಕೆ ದೊಡ್ಡಮ್ಮಾ. ಬಾಯಿ ತೆರೆದು ನಕ್ಕೆ. ಆಮೇಲೆ ಆ ಹೆಂಗಸು ತಿರುಗಿದಳು.

ಆಗಲಾದರೂ ಹೇಳಬಹುದಿತ್ತು. ಪಕ್ಕದಲ್ಲಿ ಸಾಗರ್ ಸ್ನೇಹಿತನ ಹೆಂಡತಿ ಕಾವ್ಯಶ್ರೀ ಕೂತಿದ್ದಳು, ನಗುತ್ತಾ ನನ್ನ ಭುಜ ಹಿಡಿದು, "ಅಯ್ಯೋ, ಏನೇ ಈ ಆಂಟಿ, ಸೂಪರ್! ನಿಮ್ಮೂರವರಲ್ವಾ, ಯಾರೇ ಇವರು?" ಅಂದಳು. ನಾನು "ಗೊತ್ತಿಲ್ಲ" ಅಂದೆ.

ಶೋ ಮುಗಿದ ಮೇಲೆ ಒಬ್ಬೊಬ್ಬರೇ ಬಂದು ಸಾಗರ್ ಕೈ ಕುಲುಕಿದರು. ಎಲ್ಲರ ಬಾಯಲ್ಲೂ ಆ ಕುಣಿತದ ಮಾತೇ. ಇವರು ನನ್ನ ಕೈ ಹಿಡಿದುಕೊಂಡೇ ಎಲ್ಲರಿಗೂ ಥ್ಯಾಂಕ್ಸ್ ಹೇಳಿದರು. ಇವರಿಗೂ ನೀನೇ ಅಂತ ಗೊತ್ತಿಲ್ಲ. ಮಾಳಿಗೆ ಮೇಲಿಂದ ತೆಗೆದಿದ್ದು, ಮದುವೆಯಲ್ಲಿ ನೀನು ಎದುರಿಗೇ ಬಂದಿಲ್ಲ. ಹೇಗೆ ಗೊತ್ತಾಗಬೇಕು? ನಾನಿನ್ನೂ ಹೇಳಿಲ್ಲ. ಬೆಳಿಗ್ಗೆ ಹೇಳಬೇಕು ಅಂದುಕೊಳ್ಳುತ್ತೇನೆ, ಇವರು ಕಾಫಿ ತಂದುಕೊಡುತ್ತಾರೆ, ಬಾಯಿ ಬರುವುದಿಲ್ಲ. ಇವರ ಸಂತೋಷ ಹಾಳು ಮಾಡಬಾರದು ಅಂತ ಅಲ್ಲ. ನಿಜ ಹೇಳಿದರೆ "ಆವತ್ತೇ ಯಾಕೆ ಹೇಳಲಿಲ್ಲ?" ಅಂತ ಕೇಳುತ್ತಾರಲ್ಲ, ಅದಕ್ಕೆ.

ನಿನಗೆ ತಮಟೆ ಕೇಳಿಸುವುದಿಲ್ಲ ದೊಡ್ಡಮ್ಮ. ನೀನು ನಿನ್ನ ಮನೆ ನೋಡುತ್ತಾ ಕೂತಿರುತ್ತೀಯ, ಸುತ್ತ ಜನ ಯಾಕೆ ನಗುತ್ತಿದ್ದಾರೆ ಅಂತ ತಿಳಿಯದೆ ನನ್ನ ಮುಖ ನೋಡುತ್ತೀಯ. ಅದನ್ನು ನೆನೆಸಿಕೊಂಡೇ ಬರಬೇಡ ಅಂತ ಬರೆದೆ.

ಏನಾದರೂ ಬರಿ. ಬೈದಾದರೂ ಬರಿ.

ನಯನಾ


ಗುಂಡ್ಲುಪೇಟೆ
17 ಫೆಬ್ರವರಿ 2026

ನಯನಾ,

ಶಿವರಾತ್ರಿ ಕಳೀಲಿ ಅಂತ ಸುಮ್ಮನಿದ್ದೆ. ಉಪವಾಸದಲ್ಲಿ ಕೋಪ ಮಾಡ್ಕಬಾರದು.

ನಾನು ಜೆಸಿಬಿ ಜೊತೆ ಕುಣಿದೆ ಅಂತ ಓದಿದಾಗ ನಂಗೇ ನಗು ಬಂತು. ಕುಣಿದಂಗೇ ಇದ್ದಿರಬೈದು. ನಕ್ಕಿದ್ದಕ್ಕೆ ನಿನ್ನ ಮೇಲೆ ಕೋಪ ಇಲ್ಲ. ಜನ ನಗೋ ಕಡೆ ನಗು ಬತ್ತದೆ. ಮನೆ ಇಲ್ಲ ಅಂದ್ಯಲ್ಲ, ಅದಕ್ಕೆ ಕೋಪ ಐತೆ. ನಾನು ಕೇಳಿದ್ದೇ ಅದೊಂದು.

ಇನ್ನೊಂದು ಕೇಳ್ತೀನಿ. ಯಾರು ಅಂತ ಆ ಹುಡುಗಿ ಕೇಳಿದಾಗ, ಗೊತ್ತಿಲ್ಲ ಅನ್ನಕ್ಕೆ ನಿಂಗೆ ಎಷ್ಟೊತ್ತು ಬೇಕಾಯ್ತು?

ಆವತ್ತು ನೀನು ಮೈಸೂರಿನ ಹಾಸ್ಟೆಲಲ್ಲಿ ಪರೀಕ್ಷೆಗೆ ಓದ್ತಿದ್ದೆ, ಅದಕ್ಕೇ ನಿಂಗೆ ಹೇಳಿರಲಿಲ್ಲ. ನಮ್ಮ ಮನೆ ಕೆಡವೋದು ಮಾರನೆ ದಿನ ಅಂತಿತ್ತು. ಪಕ್ಕದ ಅಂಗಡಿ ಬೇಗ ಬಿತ್ತು ಅಂತ ಹಂಗೇ ನಮ್ಮ ಗೋಡೆಗೆ ಕೈ ಹಾಕಿದ್ರು. ನಾನು ನಲ್ಲಿ ಹತ್ರ ಇದ್ದೆ, ಓಡ್ಬಂದೆ. ಗೂಡಲ್ಲಿ ದೀಪ ಉರೀತಿತ್ತು. ನಮ್ಮ ಮನೆತನದಲ್ಲಿ ದೀಪ ಇಳಿಸದೆ ಗೋಡೆ ಬೀಳಬಾರದು. ಮನೆ ಹಿರಿಯೋಳು ಉರಿಯೋ ದೀಪಾನ ಕೈಯಾರೆ ಆಚೆಗೆ ತಂದ ಮೇಲೆ ಬೇಕಾದ್ರೆ ಮನೇನೇ ಬೀಳಲಿ, ಅದು ಬರೀ ಮಣ್ಣು ಕಲ್ಲು. ಒಳಗೆ ದೀಪ ಇದ್ದಂಗೇ ಬಿದ್ರೆ ಮನೇನ ಜೀವಂತ ಹೂತಂಗೆ ಅಂತ ನಮ್ಮತ್ತೆ ಹೇಳೋರು. ಅದಕ್ಕೇ ಅಡ್ಡ ನಿಂತು ಕೂಗಿದೆ. ಮಿಷಿನ್ ಸದ್ದಿಗೆ ಡ್ರೈವರಿಗೆ ಕೇಳಿಸಲಿಲ್ಲ. ಕೈಯಲ್ಲಿ ಗೂಡು ತೋರಿಸಿದೆ, ದೀಪ ತೋರಿಸಿದೆ. ಅದೇ ನಿಮ್ಮ ಕುಣಿತ.

ಆಮೇಲೆ ಆ ಡ್ರೈವರಿಗೆ ತಿಳೀತು. ಮಿಷಿನ್ ಆಫ್ ಮಾಡಿ ಇಳಿದ. ಮಂಟೇಸ್ವಾಮಿ ಅಂತ, ನಮ್ಮ ಕಡೆಯೋನೆ. ಬಾಗಿಲ ಹತ್ರ ಬಂದು ಚಪ್ಪಲಿ ಬಿಟ್ಟ ಕಣಮ್ಮಿ. ಐದು ನಿಮಿಷಕ್ಕೆ ಅದೇ ಬಾಗಿಲು ಕೆಡವೋನು, ಚಪ್ಪಲಿ ಬಿಟ್ಟು ಒಳಕ್ಕೆ ಬಂದ. "ಇಳಿಸ್ಕೊ ಬುಡವ್ವ, ನಾ ಕಾಯ್ತೀನಿ" ಅಂದ. ನಾನು ಸೆರಗು ಅಡ್ಡ ಹಿಡಿದು ದೀಪ ತಂದೆ. ಗಾಳಿಗೆ ಆರಲಿಲ್ಲ. ಈಗಲೂ ಇಲ್ಲಿ ನನ್ನ ಎದುರಿಗೇ ಉರೀತಾ ಐತೆ.

ಅದು ನಿನ್ನ ಗಂಡನ ಸಿನಿಮಾದಲ್ಲಿ ಬತ್ತದಾ?

ನಾನು ಬತ್ತೀನಾ ಇಲ್ವಾ ಅಂತ ಈಗ ಹೇಳಲ್ಲ. ಮೊದಲು ನಾನು ಯಾರು ಅಂತ ಅವನಿಗೆ ಹೇಳು. ಅವನಿಗೆ ಹೇಳದೆ ನಂಗೆ ಅತ್ತುಕೊಂಡು ಕಾಗದ ಬರೆದ್ರೆ ಏನು ಬಂತು?

ಶಿವರುದ್ರಮ್ಮ


ಬೆಂಗಳೂರು
23 ಫೆಬ್ರವರಿ 2026

ದೊಡ್ಡಮ್ಮಾ,

ಹೊತ್ತೇ ಬೇಕಾಗಲಿಲ್ಲ. ನೀನು ಕೇಳಿದ್ದಕ್ಕೆ ಉತ್ತರ ಅದು. ಯೋಚಿಸಿ ಸುಳ್ಳು ಹೇಳಿದ್ದರೆ ಒಂದು ಸಮಾಧಾನ ಇರುತ್ತಿತ್ತು. ಅವಳು ಕೇಳಿದಳು, "ಗೊತ್ತಿಲ್ಲ" ಅನ್ನುವುದು ಬಾಯಲ್ಲಿ ರೆಡಿ ಇತ್ತು.

ಇವರಿಗೆ ಹೇಳಿದೆ. ನಿನ್ನ ಕಾಗದವನ್ನೇ ಕೈಗೆ ಕೊಟ್ಟೆ. ಓದಿ ಸಾಗರ್ ಮೊದಲು ಅಂದಿದ್ದು, "ಜನ ಪ್ರೀತಿಯಿಂದ ನಕ್ಕರು ನಯನಾ, ಯಾರೂ ಅವಮಾನ ಮಾಡಲಿಲ್ಲ." ನಾನು, "ಹಾಗಾದರೆ ಊರಲ್ಲಿ ಅವರ ಪಕ್ಕ ಕೂತು ನೀವೇ ನಗಿ" ಅಂದೆ. ನಮ್ಮ ಮೊದಲ ಜಗಳ ದೊಡ್ಡಮ್ಮ. ಕುಕ್ಕರ್ ಕೂಡ ಆವತ್ತೇ ಸೀಟಿ ಹೊಡೆಯಿತು, ಇಬ್ಬರೂ ಆರಿಸಲು ಹೋಗಲಿಲ್ಲ, ಅನ್ನ ಸೀದಿತು.

ಆಮೇಲೆ ಇವರು ಆವತ್ತು ತೆಗೆದದ್ದನ್ನೆಲ್ಲ ಹುಡುಕಿ ಹಾಕಿದರು, ಸಂಗೀತ ಇಲ್ಲದೆ, ಆವತ್ತಿನ ಸದ್ದಿನೊಂದಿಗೆ. ನಿನ್ನ ದನಿ ಕೇಳಿದೆ. "ದೀಪ ಐತೆ! ಒಳಗ್ ದೀಪ ಐತೆ ಕಣ್ಲಾ, ನಿಲ್ಸ್ಲಾ!" ನಡುವೆ ನೀನು ಬೈದದ್ದನ್ನು ಇಲ್ಲಿ ಬರೆಯಲಾರೆ. ಮಂಟೇಸ್ವಾಮಿಯ ಅಪ್ಪ, ತಾತ ಯಾರನ್ನೂ ಬಿಟ್ಟಿಲ್ಲ ನೀನು. ಆಮೇಲೆ ಮಿಷಿನ್ ನಿಲ್ಲುತ್ತದೆ. ಬಾಗಿಲ ಹತ್ತಿರ ಚಪ್ಪಲಿ. ಎಲ್ಲ ಇದೆ ದೊಡ್ಡಮ್ಮ. ಗೋಡೆ ಇದೆ, ನೀಲಿ ಬಣ್ಣದ ಕಿಟಕಿ ಇದೆ, ನಾನು ಎತ್ತರ ಅಳೆದುಕೊಂಡು ಗೆರೆ ಎಳೆದಿದ್ದ ಕಂಬ ಇದೆ. ಆಮೇಲೆ ಸೆರಗು ಅಡ್ಡ ಹಿಡಿದುಕೊಂಡು ನೀನು ಆಚೆಗೆ ಬರುತ್ತೀಯ. ಮಾಳಿಗೆ ಮೇಲಿಂದ ದೀಪ ಕಾಣುವುದಿಲ್ಲ, ನಿನ್ನ ಮುಖಕ್ಕೆ ಬಿದ್ದ ಬೆಳಕು ಮಾತ್ರ ಕಾಣುತ್ತದೆ.

"ಇದನ್ನು ಯಾಕೆ ಹಾಕಲಿಲ್ಲ?" ಅಂದೆ. ಸಾಗರ್ ವಿಡಿಯೋ ನಿಲ್ಲಿಸಿದರು. "ತಮಟೆಯ ವೇಗ ಬಿದ್ದುಹೋಗುತ್ತಿತ್ತು" ಅಂದರು. ಮತ್ತೆ, "ಅವರು ಏನು ಕೂಗುತ್ತಿದ್ದಾರೆ ಅಂತ ಒಂದು ಸಲವೂ ಕೇಳಿಸಿಕೊಂಡಿರಲಿಲ್ಲ. ಸದ್ದು ಆಫ್ ಮಾಡಿಕೊಂಡೇ ಜೋಡಿಸಿದೆ" ಅಂದರು. ಕಿವಿ ಕೇಳದವಳು ನೀನು ಅಂತ ನಾವೆಲ್ಲ ತಮಾಷೆ ಮಾಡುತ್ತಿದ್ದೆವು.

ಆ ಭಾಗವನ್ನು ಮತ್ತೆ ಜೋಡಿಸಿದ್ದಾರೆ. ತಮಟೆ ನಡುವೆಯೇ ನಿಲ್ಲುತ್ತದೆ. ನೀನು ಕೂಗುವುದರಿಂದ ದೀಪ ಇಳಿಸುವವರೆಗೆ ಬರೀ ಆವತ್ತಿನ ಸದ್ದು, ನಿನ್ನ ಬೈಗುಳ ಸಮೇತ. ತಮಟೆ ಬಾರಿಸಿದವರಿಗೆ ಬೇಜಾರಾಯಿತು, ಸಾಗರ್ ಕೂತು ಒಪ್ಪಿಸಿದರು. ಪ್ರೈಜ್ ಬಂದದ್ದು ಹಳೆಯದಕ್ಕೆ, ಅದನ್ನು ಬದಲಾಯಿಸಲು ಆಗುವುದಿಲ್ಲ. ಅಲ್ಲಿ ನಕ್ಕವರು ನಕ್ಕಾಯಿತು. ಕಾವ್ಯಶ್ರೀಗೆ ಫೋನ್ ಮಾಡಿ ಅದು ನನ್ನ ದೊಡ್ಡಮ್ಮ ಅಂದೆ. ಅವಳು "ಓ" ಅಂದಳು, ಮಾತು ಬದಲಾಯಿಸಿದಳು. ಅಷ್ಟೇ ಆದದ್ದು. ಹೇಳಿದ ಮೇಲೆ ಹಗುರ ಆಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ.

ಮುಂದಿನ ಸಾಲಿಗೆ ಬಾ ಅಂತ ಈ ಸಲ ಕರೆಯುವುದಿಲ್ಲ. ಕರೆಯುವ ಯೋಗ್ಯತೆ ಕಳೆದುಕೊಂಡಿದ್ದೇನೆ. ಹೊಸ ಸಿನಿಮಾವನ್ನು ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡು ಬರುತ್ತಿದ್ದೇನೆ. ನಿನ್ನ ಮನೆ ನಿನ್ನ ಮನೆಯಲ್ಲೇ, ಊರಿಗಿಂತ ಮೊದಲು ನೀನು ನೋಡು. ಎಷ್ಟು ಸಲ ಬೇಕಾದರೂ ನಿಲ್ಲಿಸಿ ನೋಡು. ನೋಡಿ ಬೇಡ ಅಂದರೆ ಆ ಭಾಗ ಭಾನುವಾರ ಇರುವುದಿಲ್ಲ. ಸಾಗರ್ ಒಪ್ಪಿದ್ದಾರೆ. ನಿನ್ನ ಮುಖ ನೋಡಲು ಅವರಿಗೆ ನಾಚಿಕೆ, ಭಾನುವಾರ ನೇರವಾಗಿ ಹಾಲಿಗೆ ಬರುತ್ತಾರೆ. ಹೂಂ ಅಂದರೆ, ಸಿನಿಮಾ ಶುರುವಾಗುವ ಮೊದಲು ನಾನು ಎದ್ದು ನಿಂತು "ಇವರು ಶಿವರುದ್ರಮ್ಮ, ಇವರ ಮನೆಯಲ್ಲಿ ಬೆಳೆದವಳು ನಾನು" ಅಂತ ಹೇಳುತ್ತೇನೆ. ನೀನು ಹಾಲಿನಲ್ಲಿ ಇದ್ದರೂ, ಇಲ್ಲದಿದ್ದರೂ.

ಹಂಗಳಕ್ಕೆ ಅಮ್ಮನ ಹತ್ತಿರ ಮೊದಲು ಹೋಗುವುದಿಲ್ಲ. ಚಾಮರಾಜನಗರದಲ್ಲಿ ಇಳಿದು ನೇರವಾಗಿ ಗುಂಡ್ಲುಪೇಟೆ ಬಸ್ಸು. ನೀನು ಬಸ್ ಸ್ಟ್ಯಾಂಡಿಗೆ ಬರಬೇಡ. ನಿನ್ನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತಿರುತ್ತೇನೆ. ಒಳಗೆ ಕರೆಯುವುದು ಬಿಡುವುದು ನಿನಗೆ ಸೇರಿದ್ದು.

ಇಪ್ಪತ್ತೆಂಟನೇ ತಾರೀಖು, ಶನಿವಾರ, ತಿರುಪತಿ–ಚಾಮರಾಜನಗರ ಎಕ್ಸ್‌ಪ್ರೆಸ್ಸಿನಲ್ಲಿ ಬರುತ್ತೇನೆ.

ನಯನಾ